ಬಿಸಿಲಿಗೆ ಅಂಜದ ಬಳ್ಳಾರಿ, ಲ್ಯಾಟಿನ್‌ನಲ್ಲಿ

(ದೃಶ್ಯ: ಮಧ್ಯಾಹ್ನದ ಬಿಸಿಲಲ್ಲಿ ಬಳ್ಳಾರಿ ಕೋಟೆ ಗುಡ್ಡ. ಆಮೇಲೆ ಮೈದಾನದಲ್ಲಿ ಕ್ರಿಕೆಟ್.)

ನಮಸ್ಕಾರ. ಬೇಸಿಗೆ ಬಂತೆಂದರೆ ಬಳ್ಳಾರಿಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆದರೂ ನಮ್ಮ ಹುಡುಗರು ಮಧ್ಯಾಹ್ನವೇ ಕ್ರಿಕೆಟ್ ಆಡುತ್ತಾರೆ. ಅವರು ನಿಜವಾಗಿ ಬೆವರುವುದು ಕರೆಂಟ್ ಬಿಲ್ ಬಂದಾಗ. ಕೂಲರ್ ಹಗಲೂ ರಾತ್ರಿ ಓಡಿರುತ್ತದಲ್ಲ! ಹೀಗೆ ಹುಟ್ಟಿತು ಟೀಮಿನ ಘೋಷವಾಕ್ಯ: "ಬಿಸಿಲಿಗೆ ಅಂಜಲ್ಲ, ಬಿಲ್ಲಿಗೆ ಅಂಜುತ್ತೇವೆ."

ಇದನ್ನು ಜೀನ್ಸ್ ಪ್ಯಾಂಟಿನ ಹಿಂದಿನ ಪಟ್ಟಿಯ ಮೇಲೆ ಹಾಕಿಸಬೇಕಂತೆ, ಅದೂ ಲ್ಯಾಟಿನ್‌ನಲ್ಲಿ. ಜೀನ್ಸ್ ಹೊಲಿಯುವ ಊರಲ್ಲಿ ಹಾಕಿಸೋದೇನೂ ಕಷ್ಟವಲ್ಲ. ಲ್ಯಾಟಿನ್ ಯಾಕೆ? ಎಲ್‌ಐಸಿ ಲಾಂಛನದಲ್ಲಿ "ಯೋಗಕ್ಷೇಮಂ ವಹಾಮ್ಯಹಂ" ಇದೆ ಅಲ್ವಾ? ಯೂರೋಪಿನ ಲಾಂಛನಗಳಲ್ಲಿ ಆ ಜಾಗ ಲ್ಯಾಟಿನ್‌ದು. ಅಷ್ಟು ಬಿಗಿ ಮುಖ ಮಾಡಿಕೊಂಡು ಕರೆಂಟ್ ಬಿಲ್ ಬಗ್ಗೆ ಮಾತಾಡಿದರೇ ಮಜಾ.

ಲ್ಯಾಟಿನ್ ನಮಗೆ ಪೂರ್ತಿ ಹೊಸದೂ ಅಲ್ಲ. ಸಂಡೂರಿನ ಅದಿರಿನಲ್ಲಿರುವ ಕಬ್ಬಿಣಕ್ಕೆ ಶಾಲೆಯಲ್ಲಿ ಎಫ್‌ಇ ಎಂದು ಬರೆಯುತ್ತೇವೆ. ಅದು ಲ್ಯಾಟಿನ್‌ನ ಫೆರ್ರುಂ. ಹಟ್ಟಿ ಗಣಿಯ ಚಿನ್ನಕ್ಕೆ ಎಯು, ಅಂದರೆ ಔರುಂ.

(ಪರದೆ ಮೇಲೆ: ತಿಮೆಓ, ತಿಮೇಸ್, ತಿಮೆತ್, ತಿಮೇಮುಸ್, ತಿಮೇತಿಸ್, ತಿಮೆಂತ್)

ಇದು "ಅಂಜು" ಎಂಬ ಕ್ರಿಯಾಪದ. ಅಂಜುತ್ತೇನೆ, ಅಂಜುತ್ತೀಯ, ಅಂಜುತ್ತಾನೆ, ಅಂಜುತ್ತೇವೆ... ಹೀಗೇ ಸಾಗುತ್ತದೆ. "ಅಂಜುತ್ತೇವೆ" ಅಂದರೆ ಸಾಕು, "ನಾವು" ಬೇಕಿಲ್ಲ. ಲ್ಯಾಟಿನ್‌ನಲ್ಲೂ "ತಿಮೇಮುಸ್" ಅಷ್ಟೇ ಸಾಕು. ಇಂಗ್ಲಿಷ್‌ನಲ್ಲಿ ಈ ಸುಖ ಇಲ್ಲ.

ವಿಭಕ್ತಿಯೂ ಇದೆ. ಸೋಲ್ ಅಂದರೆ ಬಿಸಿಲು, ಸೂರ್ಯನೂ ಹೌದು. ಸೋಲೆಂ ಅಂದರೆ ಬಿಸಿಲನ್ನು. ಸೋಲೀ ಅಂದರೆ ಬಿಸಿಲಿಗೆ. ಏಳನೇ ಕ್ಲಾಸಿನ ವ್ಯಾಕರಣ ನೆನಪಿದ್ದರೆ ಅರ್ಧ ದಾರಿ ಬಂದ ಹಾಗೇ.

ಎಡವುವುದೂ ಇಲ್ಲೇ. ಕನ್ನಡದಲ್ಲಿ ಬಿಸಿಲಿಗೆ ಅಂಜುತ್ತೇವೆ, ಚತುರ್ಥಿ. ಹಾಗಂತ "ಸೋಲೀ ನೋನ್ ತಿಮೇಮುಸ್" ಎಂದು ಬರೆದರೆ? ವ್ಯಾಕರಣದಲ್ಲಿ ತಪ್ಪಿಲ್ಲ, ಆದರೆ ಅರ್ಥ ಬೇರೆ. ಲ್ಯಾಟಿನ್‌ನಲ್ಲಿ ಈ ಕ್ರಿಯಾಪದದ ಜೊತೆ ಚತುರ್ಥಿ ಬಂದರೆ, "ಅವನಿಗೆ ಏನಾಗುತ್ತೋ ಅಂತ ಭಯ" ಎಂದಾಗುತ್ತದೆ. ಸೂರ್ಯನಿಗೆ ಏನಾದೀತೋ ಎಂಬ ಚಿಂತೆ ನಮಗಿಲ್ಲ, ಅಂದ ಹಾಗಾಯಿತು. ಮೇ ತಿಂಗಳ ಬಳ್ಳಾರಿಯಲ್ಲಿ ಇದೂ ನಿಜವೇ, ಬಿಡಿ! ಆದರೆ ಹುಡುಗರು ಹೇಳಹೊರಟಿದ್ದು ಅದಲ್ಲ. ಯಾವುದಕ್ಕೆ ಅಂಜುತ್ತೇವೋ ಅದು ದ್ವಿತೀಯೆಯಲ್ಲಿ ಬರಬೇಕು: ಸೋಲೆಂ.

ಮುಂದೆ ಬಿಲ್ಲು. ನಿಘಂಟಿನಲ್ಲಿ ಲೆಕ್ಕಕ್ಕೆ "ರತಿಯೋ" ಎಂಬ ಪದ ಸಿಗುತ್ತದೆ. ರೇಷನ್ ಕಾರ್ಡಿನ ರೇಷನ್ ಬಂದದ್ದೂ ಅದರಿಂದಲೇ. ತೊಂದರೆ ಏನೆಂದರೆ ಅದಕ್ಕೆ ವಿವೇಕ, ತರ್ಕ ಎಂಬ ಅರ್ಥಗಳೂ ಇವೆ. "ರತಿಯೋನೆಂ ತಿಮೇಮುಸ್" ಎಂದು ಪ್ಯಾಂಟಿನ ಮೇಲೆ ಹಾಕಿಸಿಕೊಂಡರೆ, ಓದಬಲ್ಲವರು "ನಾವು ವಿವೇಕಕ್ಕೆ ಅಂಜುತ್ತೇವೆ" ಅಂತಲೂ ಓದಬಹುದು. ಬೇಡ. "ದೇಬಿತುಂ" ತಗೊಳ್ಳೋಣ. ಕೊಡಬೇಕಾದ ಹಣ, ಬಾಕಿ. ಬ್ಯಾಂಕಿನ ಮೆಸೇಜಿನಲ್ಲಿ ಬರುವ ಡೆಬಿಟ್‌ನ ಮೂಲ ಇದೇ, ಹಾಗಾಗಿ ಭಯ ತಾನಾಗಿ ಬರುತ್ತದೆ.

(ಪರದೆ ಮೇಲೆ ದೊಡ್ಡದಾಗಿ: ನೋನ್ ಸೋಲೆಂ, ಸೆದ್ ದೇಬಿತುಂ ತಿಮೇಮುಸ್)

ಬಿಸಿಲಿಗಲ್ಲ, ಬಾಕಿಗೆ ಅಂಜುತ್ತೇವೆ. ಕ್ರಿಯಾಪದ ಕೊನೆಗೆ ಬಂತು ನೋಡಿ, ಕನ್ನಡದ ಹಾಗೇ. ಬಿಸಿಲು-ಬಿಲ್ಲು ಪ್ರಾಸ ಹೋಯಿತು, ಅದಕ್ಕೆ ಬೇಜಾರಿದೆ. ಆದರೆ "ಸೋಲೆಂ" ಅಂದಾಗ ನಮ್ಮವರಿಗೆ "ಸೋಲು" ಅಂತ ಕೇಳಿಸುತ್ತದೆ. ಈ ಟೀಮಿಗೆ ಅದೂ ಒಪ್ಪುತ್ತದೆ.

ಕಲಿಯುವ ಆಸೆ ಹುಟ್ಟಿತಾ? ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ತಾಣದಲ್ಲಿ 1879ರ ಲೂಯಿಸ್-ಶಾರ್ಟ್ ನಿಘಂಟು ಉಚಿತವಾಗಿ ಸಿಗುತ್ತದೆ. ಪದದ ಅರ್ಥ ನೋಡಿ ಸುಮ್ನೆ ಮುಚ್ಚಬೇಡಿ. ಅದು ಯಾವ ವಿಭಕ್ತಿ ಕೇಳುತ್ತದೆ ಅಂತ ಕೆಳಗಿನ ಉದಾಹರಣೆಗಳಲ್ಲಿ ನೋಡಿ. ನಮಗೆ ಜಾಸ್ತಿ ಕಾಡುವುದು ಲಿಂಗ. ಕನ್ನಡದಲ್ಲಿ ಮೇಜೂ ಪುಸ್ತಕವೂ "ಅದು". ಲ್ಯಾಟಿನ್‌ನಲ್ಲಿ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ. ಹಿಂದಿ ಕಲಿತವರಿಗೆ ಈ ತಲೆನೋವು ಗೊತ್ತು. ಪ್ರತಿ ಪದವನ್ನೂ ಅದರ ಲಿಂಗದ ಜೊತೆಗೇ ಬಾಯಿಪಾಠ ಮಾಡಿ, ಬೇರೆ ದಾರಿಯಿಲ್ಲ. ಉಚ್ಚಾರದಲ್ಲಿ ಮಾತ್ರ ನಮಗೆ ಲಾಭ: ಎ-ಏ, ಒ-ಓ ವ್ಯತ್ಯಾಸ ಲ್ಯಾಟಿನ್‌ನಲ್ಲೂ ಇದೆ, ನಮ್ಮ ಲಿಪಿಯಲ್ಲೂ ಇದೆ.

ಇನ್ನು ಹೊಲಿಸುವ ವಿಷಯ. ರೋಮನ್ನರು ಕಲ್ಲಿನ ಮೇಲೆ ದೊಡ್ಡ ಅಕ್ಷರಗಳನ್ನೇ ಕೆತ್ತುತ್ತಿದ್ದರು, ಯು ಬರುವ ಕಡೆ ವಿ ಹಾಕುತ್ತಿದ್ದರು. ಹಾಗೇ ಬರೆಸಿದರೆ ಚೆನ್ನಾಗಿ ಕಾಣುತ್ತದೆ. ಕಸೂತಿ ಮಾಡುವವರಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ಸ್ಪೆಲಿಂಗ್ ತಪ್ಪಾಗಿದೆ ಅಂತ ಅವರೇ ತಿದ್ದಿಬಿಡುತ್ತಾರೆ.