ಟಾಮಿ ಜಾನ್ ಎಂಬ ಪಿಚರ್‌ನ 26 ಸೀಸನ್

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ಬೇಸ್‌ಬಾಲ್ ನೋಡುವವರನ್ನು ಕೇಳಿ, ‘ಟಾಮಿ ಜಾನ್’ ಎಂದರೆ ಮೊಣಕೈ ಆಪರೇಷನ್ ಎನ್ನುತ್ತಾರೆ. ‘ಆ ಹುಡುಗನಿಗೆ ಟಾಮಿ ಜಾನ್ ಆಯ್ತಂತೆ’ ಎಂದು ಮಾತಾಡಿಕೊಳ್ಳುತ್ತಾರೆ. ಆ ಹೆಸರಿನ ಮನುಷ್ಯ 26 ಸೀಸನ್ ಆಡಿ 288 ಪಂದ್ಯ ಗೆದ್ದ ಎಡಗೈ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ, ಎಂಬುದು ಹೊಸ ತಲೆಮಾರಿನ ಎಷ್ಟೋ ಜನಕ್ಕೆ ನೆನಪೇ ಇಲ್ಲ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಪಿಚರ್ ಬಗ್ಗೆ.

ಕ್ರಿಕೆಟ್ ನೋಡಿ ಬೆಳೆದ ನಾವು ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಬೌಲರ್ ಓಡಿ ಬರುತ್ತಾನೆ, ಅವನ ವೇಗದಲ್ಲಿ ಆ ಓಟದ ಪಾಲೂ ಇದೆ. ಎಸೆಯುವಾಗ ಅವನು ಮೊಣಕೈಯನ್ನು 15 ಡಿಗ್ರಿಗಿಂತ ಜಾಸ್ತಿ ಬಿಚ್ಚುವ ಹಾಗಿಲ್ಲ. ಪಿಚರ್‌ಗೆ ಓಟವೂ ಇಲ್ಲ, ಈ ಕಟ್ಟುಪಾಡೂ ಇಲ್ಲ. ನಿಂತಲ್ಲಿಂದ ಒಂದು ದೊಡ್ಡ ಹೆಜ್ಜೆ ಮುಂದಿಟ್ಟು, ಬಗ್ಗಿಸಿದ ಕೈಯನ್ನು ಹಿಂದಕ್ಕೆ ತಿರುಚಿ ಮುಂದಕ್ಕೆ ಬೀಸುತ್ತಾನೆ. ಆ ಕ್ಷಣದಲ್ಲಿ ಮೊಣಕೈಯ ಒಳಬದಿಯಲ್ಲಿರುವ ಸಣ್ಣ ಲಿಗಮೆಂಟ್ ಮೇಲೆ ವಿಪರೀತ ಎಳೆತ ಬೀಳುತ್ತದೆ. ತೋಳಿನ ಮೂಳೆಯನ್ನು ಮುಂಗೈ ಮೂಳೆಗೆ ಬಿಗಿಯಾಗಿ ಹಿಡಿದಿಡುವ ಪಟ್ಟಿ ಅದು. ಒಂದೇ ಪಂದ್ಯದಲ್ಲಿ ಸುಮಾರು ನೂರು ಸಲ ಹೀಗೆ ಎಸೆಯಬೇಕು.

ಜಾನ್ ಹುಟ್ಟಿದ್ದು 1943ರಲ್ಲಿ, ಇಂಡಿಯಾನಾ ರಾಜ್ಯದ ಟೆರ್ರಾ ಹೋಟ್ ಊರಿನಲ್ಲಿ. 1963ರಲ್ಲಿ, 20ನೇ ವಯಸ್ಸಿಗೇ, ಕ್ಲೀವ್‌ಲ್ಯಾಂಡ್ ತಂಡಕ್ಕೆ ಬಂದರು. ಅವರದು ಭಾರೀ ವೇಗವಲ್ಲ. ಅವರ ಅಸ್ತ್ರ ಸಿಂಕರ್. ಬ್ಯಾಟರ್ ಹತ್ತಿರ ಬರುವಾಗ ಚೆಂಡು ಕೆಳಗೆ ಇಳಿಯುತ್ತದೆ, ಬ್ಯಾಟು ಅದರ ಮೇಲ್ಭಾಗಕ್ಕೆ ತಾಗುತ್ತದೆ, ಚೆಂಡು ನೆಲದ ಮೇಲೆ ಉರುಳುತ್ತಾ ಫೀಲ್ಡರ್ ಕೈಗೆ ಹೋಗುತ್ತದೆ. ನೋಡುವವರಿಗೆ ಇದು ಸಪ್ಪೆ ಅನಿಸಬಹುದು. ನನಗಂತೂ ಇಷ್ಟವಾಗುವುದು ಇದೇ. ಬ್ಯಾಟರ್ ತಾನಾಗಿ ತಪ್ಪು ಹೊಡೆತ ಹೊಡೆಯುವಂತೆ ಮಾಡುವುದು ದೊಡ್ಡ ಕಲೆ, ಅಲ್ವಾ?

1974ರಲ್ಲಿ ಅವರು ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡದಲ್ಲಿದ್ದರು. ಬೇಸ್‌ಬಾಲ್‌ನಲ್ಲಿ ಗೆಲುವು, ಸೋಲು ಪಿಚರ್ ಹೆಸರಿನಲ್ಲೂ ದಾಖಲಾಗುತ್ತವೆ. ಆ ವರ್ಷ ಅವರ ಲೆಕ್ಕ 13 ಗೆಲುವು, 3 ಸೋಲು. ಜುಲೈ 17ರಂದು ಮಾಂಟ್ರಿಯಲ್ ತಂಡದ ಎದುರು ಆಡುವಾಗ ಎಡ ಮೊಣಕೈಯ ಲಿಗಮೆಂಟ್ ಹರಿಯಿತು. ಆಗಿನ ಕಾಲದಲ್ಲಿ ಪಿಚರ್‌ಗೆ ಹೀಗಾದರೆ ಆಟ ಮುಗಿಯಿತು ಅಂತಲೇ ಅರ್ಥ. ‘ಅವನ ಕೈ ಸತ್ತುಹೋಯಿತು’ ಎಂದು ಹೇಳಿ ಮನೆಗೆ ಕಳಿಸುತ್ತಿದ್ದರು.

ತಂಡದ ವೈದ್ಯ ಫ್ರಾಂಕ್ ಜೋಬ್ ಯಾರೂ ಪಿಚರ್ ಮೇಲೆ ಮಾಡದ ಒಂದು ಪ್ರಯೋಗ ಯೋಚಿಸಿದ್ದರು. ಬಲ ಮುಂಗೈಯಿಂದ ಒಂದು ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ತೆಗೆಯುವುದು. ನಮ್ಮಲ್ಲಿ ಕೆಲವರಿಗೆ ಹುಟ್ಟುವಾಗಲೇ ಅದು ಇರುವುದಿಲ್ಲ, ಇಲ್ಲದಿದ್ದರೂ ಕೈ ಸಲೀಸಾಗಿ ಕೆಲಸ ಮಾಡುತ್ತದೆ. ಎಡ ಮೊಣಕೈಯ ಮೂಳೆಗಳಲ್ಲಿ ತೂತು ಕೊರೆದು, ಆ ಟೆಂಡನ್ ಅನ್ನು ಅವುಗಳ ಮೂಲಕ ಹಾಯಿಸಿ ಬಿಗಿಯುವುದು. ಮತ್ತೆ ಆಡುವ ಸಾಧ್ಯತೆ ನೂರಕ್ಕೆ ಒಂದು ಎಂದು ಜೋಬ್ ಮೊದಲೇ ಹೇಳಿದ್ದರು. ಜಾನ್ ಒಪ್ಪಿದರು. 1974ರ ಸೆಪ್ಟೆಂಬರ್ 25ರಂದು ಆಪರೇಷನ್ ಆಯಿತು.

ಕಥೆ ಹೇಳುವವರು ಹೆಚ್ಚಾಗಿ ಇಲ್ಲಿಂದ ನೇರ ಗೆಲುವಿಗೆ ಹಾರುತ್ತಾರೆ. ನಡುವೆ ಏನಾಯಿತು ಗೊತ್ತಾ? ಮೊಣಕೈಯ ನರಕ್ಕೆ ಪೆಟ್ಟಾಗಿ ಎಡಗೈ ಬೆರಳುಗಳು ಮುದುರಿಕೊಂಡವು. ಡಿಸೆಂಬರ್‌ನಲ್ಲಿ ಇನ್ನೊಂದು ಆಪರೇಷನ್ ಮಾಡಬೇಕಾಯಿತು. ನರ ಚೇತರಿಸಿಕೊಳ್ಳುವುದು ಬಹಳ ನಿಧಾನ. 1975ರ ಇಡೀ ಸೀಸನ್ ಅವರು ಒಂದೂ ಪಂದ್ಯ ಆಡಲಿಲ್ಲ. ಬೆರಳು ಮಡಚುವುದು, ಚೆಂಡು ಹಿಡಿಯುವುದು, ಮೆಲ್ಲಗೆ ಎಸೆಯುವುದು, ಇಷ್ಟೇ ಕೆಲಸ. ಇಂಥ ಆಪರೇಷನ್ ಆದ ಇನ್ನೊಬ್ಬ ಪಿಚರ್ ಇರಲೇ ಇಲ್ಲ. ಹಾಗಾಗಿ ಇವತ್ತು ಎಷ್ಟು ಎಸೆಯಬೇಕು, ಯಾವಾಗ ನಿಲ್ಲಿಸಬೇಕು ಎಂದು ತನ್ನ ಅನುಭವದಿಂದ ಹೇಳುವವರೇ ಇರಲಿಲ್ಲ. ದೇಹದ ಚಲನೆಯ ಬಗ್ಗೆ ಆಳವಾಗಿ ಓದಿಕೊಂಡಿದ್ದ ಸಹ ಆಟಗಾರ ಮೈಕ್ ಮಾರ್ಷಲ್ ಎಸೆಯುವ ರೀತಿ ಬದಲಿಸಿಕೊಳ್ಳಲು ನೆರವಾದರು.

1976ರ ಏಪ್ರಿಲ್‌ನಲ್ಲಿ ಜಾನ್ ಮತ್ತೆ ಮೈದಾನಕ್ಕೆ ಇಳಿದರು. ಆ ವರ್ಷ 10 ಗೆಲುವು, 10 ಸೋಲು. ಮರುವರ್ಷ 20 ಗೆಲುವು! ಅದಕ್ಕೂ ಮೊದಲು ಅವರು ಯಾವ ಸೀಸನ್‌ನಲ್ಲೂ 20 ಮುಟ್ಟಿರಲಿಲ್ಲ. ಆಮೇಲೆ ನ್ಯೂಯಾರ್ಕ್ ಯಾಂಕೀಸ್ ಸೇರಿ 1979ರಲ್ಲಿ 21, 1980ರಲ್ಲಿ 22 ಪಂದ್ಯ ಗೆದ್ದರು. ನಿವೃತ್ತರಾಗಿದ್ದು 1989ರಲ್ಲಿ, 46ನೇ ವಯಸ್ಸಿನಲ್ಲಿ. 288 ಗೆಲುವುಗಳಲ್ಲಿ 164 ಆಪರೇಷನ್ ಆದಮೇಲೆ ಬಂದವು. ಬೆಸೆದ ಕೈ ಆಟದಲ್ಲಿ ಅದಾದ ಮೇಲೆ ಮತ್ತೆ ಕೆಡಲಿಲ್ಲ.

ಇವತ್ತು ಈ ಆಪರೇಷನ್ ಮಾಮೂಲಿಯಾಗಿದೆ. ಹೈಸ್ಕೂಲು ಹುಡುಗರಿಗೂ ಮಾಡುತ್ತಾರೆ. ಮಾಡಿಸಿಕೊಂಡರೆ ವೇಗ ಜಾಸ್ತಿಯಾಗುತ್ತದೆ ಎಂದು ನಂಬುವ ಅಪ್ಪ ಅಮ್ಮಂದಿರೂ ಇದ್ದಾರೆ. ಇದು ತಪ್ಪು ನಂಬಿಕೆ, ಅಪಾಯದ ನಂಬಿಕೆ. ವರ್ಷವಿಡೀ ಬಿಡುವಿಲ್ಲದೆ ಎಸೆಯುವುದು, ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುವುದು, ಇವೇ ಎಳೆಯ ಕೈಗಳನ್ನು ಹಾಳು ಮಾಡುತ್ತಿವೆ. ಮಕ್ಕಳಿಗೆ ಬಿಡುವು ಕೊಡಿ ಎಂದು ಜಾನ್ ಅವರೇ ವಯಸ್ಸಾದ ಮೇಲೂ ಹೇಳುತ್ತಾ ಬಂದಿದ್ದಾರೆ.

ನನ್ನ ತಕರಾರು ಇನ್ನೊಂದಿದೆ. ಆಟದ ದಿಗ್ಗಜರಿಗೆ ಶಾಶ್ವತ ಗೌರವ ಕೊಡುವ ಸಂಸ್ಥೆ ಬೇಸ್‌ಬಾಲ್ ಹಾಲ್ ಆಫ್ ಫೇಮ್. 2013ರಲ್ಲಿ ಅದರ ಸಮಾರಂಭದಲ್ಲಿ ಡಾಕ್ಟರ್ ಜೋಬ್ ಅವರನ್ನು ಗೌರವಿಸಿದರು. ಸರಿಯಾದ ಕೆಲಸ. ಆದರೆ ಜಾನ್ ಅವರನ್ನು ಬೇಸ್‌ಬಾಲ್ ಬರಹಗಾರರ ಮತದಾನದಲ್ಲಿ ಅಲ್ಲಿಗೆ ಆರಿಸಲಿಲ್ಲ. ಶೇ 75 ಮತ ಬೇಕಿತ್ತು. 2009ರಲ್ಲಿ, ಅವರ ಕೊನೆಯ ಅವಕಾಶದಲ್ಲಿ, ಬಂದದ್ದು ಶೇ 31.7. 300 ಗೆಲುವು ಮುಟ್ಟಿದ ಪಿಚರ್‌ಗಳಿಗೆ ಆ ಬಾಗಿಲು ಸುಲಭವಾಗಿ ತೆರೆಯುತ್ತದೆ. ಇವರಿಗೆ ಕಡಿಮೆ ಬಿದ್ದದ್ದು 12. ಆಡದೇ ಹೋದ 1975ನೇ ಸೀಸನ್ನನ್ನೂ 1974ರ ಉಳಿದರ್ಧವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಆ 12 ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ. ಆ ಕಾಲದಲ್ಲಿ ಅವರು ಮಾಡಿದ ಕೆಲಸದಿಂದಲೇ ಎಷ್ಟೋ ಪಿಚರ್‌ಗಳು ಇವತ್ತು ಆಡುತ್ತಿದ್ದಾರೆ. ಮತ ಹಾಕುವವರು ಅದನ್ನೂ ಅವರ ಆಟದ ಭಾಗವೆಂದೇ ಎಣಿಸಬೇಕಿತ್ತು.