ಲಂಡನ್ನಿಂದ ಪ್ಯಾರಿಸ್‌ಗೆ: 348 ಕಿಲೋಮೀಟರಿಗೆ ಎಷ್ಟು ಹೊತ್ತು?

ಕೇಳುಗರಿಗೆ ನಮಸ್ಕಾರ.

ಲಂಡನ್ನಿನ ಹೀಥ್ರೋದಿಂದ ಪ್ಯಾರಿಸ್ಸಿನ ಶಾರ್ಲ್ ದ ಗಾಲ್ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 348 ಕಿಲೋಮೀಟರ್. ಪೈಲಟ್‌ಗಳ ಲೆಕ್ಕದಲ್ಲಿ 188 ನಾಟಿಕಲ್ ಮೈಲಿ. ಗಂಟೆಗೆ 800 ಕಿಲೋಮೀಟರ್ ವೇಗ ಎಂದುಕೊಂಡು ಭಾಗಿಸಿದರೆ 26 ನಿಮಿಷ ಬರುತ್ತದೆ. ಟಿಕೆಟ್ಟಿನಲ್ಲಿ ನೋಡಿದರೆ 9 ಗಂಟೆಗೆ ಹೊರಟು 11-20ಕ್ಕೆ ತಲುಪುವುದು ಎಂದಿರುತ್ತದೆ. ಎರಡನ್ನೂ ನಂಬಬೇಡಿ.

ಟಿಕೆಟ್ಟಿನಲ್ಲಿ ಅಚ್ಚಾಗುವುದು ಆಯಾ ಊರಿನ ಸಮಯ. ಪ್ಯಾರಿಸ್ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದು. ಬೇಸಿಗೆಯಲ್ಲಿ ಎರಡೂ ಕಡೆ ಒಂದೇ ಹೊತ್ತಿಗೆ ಗಡಿಯಾರ ತಿರುಗಿಸುವುದರಿಂದ ಈ ಅಂತರ ವರ್ಷವಿಡೀ ಅಷ್ಟೇ. ಅಂದರೆ ನಿಜವಾದ ಅವಧಿ ಒಂದು ಗಂಟೆ ಇಪ್ಪತ್ತು ನಿಮಿಷ. ವಾಪಸು ಬರುವಾಗ 9ಕ್ಕೆ ಹೊರಟ ವಿಮಾನ 9-20ಕ್ಕೇ ಇಳಿದಂತೆ ಕಾಣುತ್ತದೆ!

ಆ ಒಂದು ಗಂಟೆ ಇಪ್ಪತ್ತು ನಿಮಿಷವೂ ಪೂರ್ತಿ ಹಾರಾಟವಲ್ಲ. ಗೇಟು ಬಿಟ್ಟ ಕ್ಷಣದಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಇದನ್ನು ವಿಮಾನದವರು ಬ್ಲಾಕ್ ಟೈಮ್ ಎನ್ನುತ್ತಾರೆ. ಗಾಳಿಯಲ್ಲಿರುವುದು ಹೆಚ್ಚುಕಡಿಮೆ ಮುಕ್ಕಾಲು ಗಂಟೆ. ಉಳಿದದ್ದು ನೆಲದ ಮೇಲಿನ ಓಡಾಟ ಮತ್ತು ಸರದಿ. ಹೀಥ್ರೋದಲ್ಲಿ ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುತ್ತದೆ, ವಿಮಾನ ಗಾಳಿಗೆದುರಾಗಿ ಪಶ್ಚಿಮಕ್ಕೇ ಏಳಬೇಕು. ಪ್ಯಾರಿಸ್ ಇರುವುದು ಆಗ್ನೇಯಕ್ಕೆ. ಎದ್ದು, ತಿರುಗಿ, ಎತ್ತರಕ್ಕೇರುವಷ್ಟರಲ್ಲೇ ಇಳಿಯುವ ಸಿದ್ಧತೆ ಶುರು. ಪೂರ್ಣ ವೇಗದಲ್ಲಿ ಸಮನಾಗಿ ಹಾರುವುದು ಕೆಲವೇ ನಿಮಿಷ.

ಮರಳುವಾಗ ಇನ್ನೊಂದು ತಾಪತ್ರಯ. ಹೀಥ್ರೋಗೆ ಇರುವುದು ಎರಡೇ ರನ್‌ವೇ. ದಟ್ಟಣೆ ಹೆಚ್ಚಾದರೆ ಬರುವ ವಿಮಾನಗಳನ್ನು ನಾಲ್ಕು ಜಾಗಗಳಲ್ಲಿ ಸುತ್ತು ಹಾಕಿಸುತ್ತಾರೆ: ಬೋವಿಂಗ್ಡನ್, ಲ್ಯಾಂಬೋರ್ನ್, ಆಕಮ್, ಬಿಗ್ಗಿನ್. ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ವಿಮಾನಗಳು ಸುತ್ತುತ್ತಿರುತ್ತವೆ, ಕೆಳಗಿನದು ಹೊರಟಂತೆ ಮೇಲಿನದು ಒಂದು ಮೆಟ್ಟಿಲು ಇಳಿಯುತ್ತದೆ. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಮೂರು ಸುತ್ತಾದರೆ ಹನ್ನೆರಡು ನಿಮಿಷ ಹೋಯಿತು.

ಈಗ ಮನೆಯಿಂದ ಮನೆಗೆ ಲೆಕ್ಕ ಹಾಕಿ. ಮಧ್ಯ ಲಂಡನ್ನಿನಿಂದ ಪಿಕಡಿಲಿ ಲೈನ್ ಮೆಟ್ರೋದಲ್ಲಿ ಹೀಥ್ರೋಗೆ ಹತ್ತಿರ ಹತ್ತಿರ ಒಂದು ಗಂಟೆ. ಎರಡು ಗಂಟೆ ಮೊದಲೇ ಅಲ್ಲಿರಬೇಕು. ಇಳಿದ ಮೇಲೆ ಇಮಿಗ್ರೇಷನ್, ಲಗೇಜು. ಆಮೇಲೆ 25 ಕಿಲೋಮೀಟರ್ ದೂರದ ಪ್ಯಾರಿಸ್‌ಗೆ ಆರ್‌ಇಆರ್ ಬಿ ರೈಲಿನಲ್ಲಿ ಅರ್ಧ ಗಂಟೆ. ಒಟ್ಟು ಐದೂವರೆ ಗಂಟೆ ಮೀರುತ್ತದೆ. ಅದೇ ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ನಿಲ್ದಾಣದಿಂದ ಯೂರೋಸ್ಟಾರ್ ರೈಲು ಎರಡು ಗಂಟೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಪ್ಯಾರಿಸ್ಸಿನ ಗಾರ್ ದ್ಯು ನೋರ್ ನಿಲ್ದಾಣಕ್ಕೆ ಮುಟ್ಟಿಸುತ್ತದೆ. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆ ಲಂಡನ್ನಿನಲ್ಲೇ ಮುಗಿದಿರುತ್ತದೆ, ಇಳಿದವರು ನೇರ ಹೊರಗೆ ನಡೆಯಬಹುದು. ಒಂದೂವರೆ ಗಂಟೆ ಮುಂಚೆ ಹೋದರೂ ಗೆಲ್ಲುವುದು ರೈಲೇ. ಬೆಂಗಳೂರಿನಿಂದ ಹೀಥ್ರೋಗೆ ಬಂದು ಒಂದೇ ಟಿಕೆಟ್ಟಿನಲ್ಲಿ ಮುಂದುವರಿಯುವವರಿಗೆ ಮಾತ್ರ ವಿಮಾನ ವಾಸಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಬ್ರಿಟನ್ನಿನ ವೀಸಾ ಬೇರೆ, ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾ ಬೇರೆ. ಪ್ಯಾರಿಸ್‌ಗೆ ಮೊದಲು ಹೋಗಿ, ಲಂಡನ್ ನೋಡಿ, ಮತ್ತೆ ಪ್ಯಾರಿಸ್ಸಿನಿಂದ ಊರಿಗೆ ಹೊರಡುವುದಾದರೆ ಷೆಂಗೆನ್ ವೀಸಾದಲ್ಲಿ ಒಂದೇ ಪ್ರವೇಶ ಸಾಲದು. ಅರ್ಜಿ ಹಾಕುವಾಗಲೇ ಎರಡು ಪ್ರವೇಶ ಅಥವಾ ಬಹು ಪ್ರವೇಶ ಕೇಳಿಕೊಳ್ಳಿ.