ಮೀನಿನ ತೊಟ್ಟಿಯಲ್ಲಿ ಹುಳ ಬಂದರೆ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಲಬುರಗಿ ಬಿಸಿಲಿನ ಬಗ್ಗೆ ನಿಮಗೆ ನಾನೇನು ಹೇಳುವುದು? ಮೇ ತಿಂಗಳು ಬಂತೆಂದರೆ 42 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ಆ ದಿನಗಳಲ್ಲೇ ನನಗೆ ಫೋನ್ ಜಾಸ್ತಿ ಬರುತ್ತವೆ. ಮನೆಯಲ್ಲಿ ಮೀನು ಸಾಕಿದವರ ಫೋನು. "ಸರ್, ಗಾಜಿನ ಮೇಲೆ ಬಿಳಿ ಹುಳ ಹರಿದಾಡ್ತಿವೆ. ಯಾವ ಔಷಧ ಹಾಕಲಿ?"

ಎಲ್ಲರಿಗೂ ನಾನು ಕೊಡುವ ಉತ್ತರ ಒಂದೇ. ಔಷಧ ಆಮೇಲೆ. ಮೊದಲು ಮೀನಿನ ಊಟ ಕಡಿಮೆ ಮಾಡಿ.

ಕೆಲವರಿಗೆ ಇದು ರುಚಿಸುವುದಿಲ್ಲ. ಬಾಟಲಿ ತಂದು ಎರಡು ಮುಚ್ಚಳ ಸುರಿದರೆ ಏನೋ ಮಾಡಿದ ಸಮಾಧಾನ ಇರುತ್ತದೆ, ಅಲ್ವಾ? ಆದರೆ ಹುಳಕ್ಕೂ ಹೊಟ್ಟೆ ಇದೆ. ನೀವು ಹಾಕಿದ ಕಾಳು ಮೀನು ತಿಂದು ಉಳಿದರೆ ತಳಕ್ಕೆ ಇಳಿಯುತ್ತದೆ, ಕಲ್ಲುಗಳ ಸಂದಿಯಲ್ಲಿ ಕೊಳೆಯುತ್ತದೆ. ಅದೇ ಹುಳದ ಊಟ. ಗಿಡದ ಜೊತೆಗೋ, ಅಂಗಡಿಯ ನೀರಿನ ಜೊತೆಗೋ ನಾಲ್ಕು ಹುಳ ಬಂದೇ ಬರುತ್ತವೆ. ನಾಲ್ಕನ್ನು ನಾಲ್ಕು ಸಾವಿರ ಮಾಡುವುದು ನಾವು ಹಾಕುವ ಊಟ.

ಬ್ರಹ್ಮಪುರದಲ್ಲಿ ನನ್ನ ಸ್ನೇಹಿತರೊಬ್ಬರ ಮನೆ ಇದೆ. ಎರಡು ಅಡಿ ಉದ್ದದ ತೊಟ್ಟಿ, ಹೆಚ್ಚೂ ಕಡಿಮೆ 55 ಲೀಟರ್ ನೀರು. ನಾಲ್ಕು ಗೋಲ್ಡ್ ಫಿಶ್, ಒಂದಷ್ಟು ಮೊಲ್ಲಿ ಮೀನು. ಹುಳ ಕಂಡಿತೆಂದು ಅವರು ಅಂಗಡಿಯಿಂದ ಒಂದು ನೀಲಿ ಔಷಧ ತಂದು ಹಾಕಿದರು. ನೀರು ನೀಲಿಯಾಯಿತು, ಹುಳ ಹಾಗೇ ಇತ್ತು. ಸಿಟ್ಟು ಬಂತು ಅವರಿಗೆ. ಒಂದು ಭಾನುವಾರ ನೀರೆಲ್ಲ ಚೆಲ್ಲಿ, ಕಲ್ಲುಗಳಿಗೆ ಕುದಿಯುವ ನೀರು ಹಾಕಿ, ಫಿಲ್ಟರಿನ ಸ್ಪಂಜನ್ನು ಸೋಪು ಹಚ್ಚಿ ತೊಳೆದರು. ತೊಟ್ಟಿ ಪಳಪಳ ಹೊಳೆಯಿತು. ಐದನೇ ದಿನಕ್ಕೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ತೆರೆದು ಉಸಿರಾಡತೊಡಗಿದವು. ಎರಡು ಗೋಲ್ಡ್ ಫಿಶ್ ಸತ್ತವು.

ಏನಾಯಿತೆಂದರೆ, ಆ ಕಲ್ಲು ಮತ್ತು ಸ್ಪಂಜಿನಲ್ಲಿ ಕಣ್ಣಿಗೆ ಕಾಣದ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಎನ್ನುವ ವಿಷವನ್ನು ಅವು ಜೀರ್ಣ ಮಾಡುತ್ತವೆ. ಅವು ಮತ್ತೆ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಸ್ನೇಹಿತರು ಹುಳ ಕೊಲ್ಲಲು ಹೋಗಿ ಕಾವಲುಗಾರರನ್ನೇ ಕೊಂದಿದ್ದರು.

ಮೂರು ವಾರಕ್ಕೆ ಹುಳ ವಾಪಸ್ಸು. ಆಗ ನನ್ನನ್ನು ಕರೆದರು. ನಾನು ಏನನ್ನೂ ಮುಟ್ಟಲಿಲ್ಲ. ಒಂದು ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ತೊಟ್ಟಿಯ ಎದುರು ಕುಳಿತೆ. ಏಳು ಗಂಟೆಗೆ ಸ್ನೇಹಿತರು ಒಂದು ಚಿಟಿಕೆ ಕಾಳು ಹಾಕಿದರು. ಶಾಲೆಗೆ ಹೊರಟ ಮಗಳು ಇನ್ನೊಂದು ಚಿಟಿಕೆ. ಮಧ್ಯಾಹ್ನ ಊಟ ಮುಗಿಸಿದ ಅಜ್ಜಿ ಜೋಳದ ರೊಟ್ಟಿಯ ಚೂರನ್ನು ಬೆರಳಲ್ಲಿ ಪುಡಿ ಮಾಡಿ, ಮಾತಾಡಿಸುತ್ತಾ ಉದುರಿಸಿದರು. ಮೀನು ಎರಡು ಸಲ ಬಾಯಿಗೆ ತೆಗೆದುಕೊಂಡು ಉಗುಳಿತು. ಪುಡಿ ನಿಧಾನವಾಗಿ ತಳಕ್ಕೆ ಹೋಗಿ ಕುಳಿತಿತು. ಸಂಜೆ ಮಗಳು ಮತ್ತೆ ಹಾಕಿದಳು. ಮೂರು ಕೈ, ದಿನಕ್ಕೆ ನಾಲ್ಕು ಊಟ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ.

ಅಜ್ಜಿಗೆ ಹೇಳಿದೆ. ಅವರು ಒಪ್ಪಲಿಲ್ಲ. "ಮೂಕ ಪ್ರಾಣಿ ಅದಾವ, ಹಸದ್ರ ಹ್ಯಾಂಗ ಕೇಳ್ತಾವ?" ಅಂದರು. ಆ ಪ್ರೀತಿಗೆ ನಾನು ಏನು ಹೇಳಲಿ? ಆಮೇಲೆ ಕೇಳಿದೆ, "ಅಜ್ಜಿ, ನೀವು ಸೋಮವಾರ ಏನು ಮಾಡ್ತೀರಿ?" "ಉಪವಾಸ" ಅಂದರು. "ಹಾಗಾದರೆ ಮೀನಿಗೂ ಸೋಮವಾರ ಮಾಡಿಸಿ." ಅವರ ಮುಖ ಅರಳಿತು. ಅಂದಿನಿಂದ ಊಟದ ಡಬ್ಬಿ ಅಜ್ಜಿಯ ಕೈಯಲ್ಲಿ. ದಿನಕ್ಕೆ ಒಂದೇ ಸಲ, ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟು. ಸೋಮವಾರ ಏನೂ ಇಲ್ಲ. ವಾರಕ್ಕೊಮ್ಮೆ ಸ್ನೇಹಿತರು ಪೈಪಿನಿಂದ ಕಲ್ಲಿನ ಸಂದಿಯ ಕೊಳೆ ಎಳೆದು ಕಾಲು ಭಾಗ ನೀರು ಬದಲಿಸುತ್ತಾರೆ. ಆ ನೀರು ಅಂಗಳದ ತುಳಸಿಗೆ. ಒಂದೂವರೆ ತಿಂಗಳಲ್ಲಿ ಗಾಜಿನ ಮೇಲೆ ಹುಳ ಕಾಣುವುದು ನಿಂತಿತು. ಒಂದು ತೊಟ್ಟು ಔಷಧವಿಲ್ಲದೆ!

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ.

ನಿಮ್ಮ ಹುಳ ಯಾವುದು ಅಂತ ನೋಡಿಕೊಳ್ಳಿ. ದಾರದ ಹಾಗೆ ತೆಳ್ಳಗೆ, ನೀರಲ್ಲಿ ಬಳುಕುತ್ತಾ ತೇಲಿದರೆ ಅದು ಕೊಳೆ ತಿನ್ನುವ ಹುಳ. ಮೀನಿಗೆ ಏನೂ ಮಾಡುವುದಿಲ್ಲ. ಬೇಸಿಗೆಯಲ್ಲಿ ಅವು ಜಾಸ್ತಿ ಕಾಣುವುದಕ್ಕೆ ಕಾರಣ ಇದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ತಳದಲ್ಲಿ ಉಸಿರು ಸಾಲದೆ ಮೇಲೆ ಬರುತ್ತವೆ. ಏರ್ ಪಂಪು ರಾತ್ರಿಯೂ ಓಡಲಿ. ಕರೆಂಟು ಉಳಿಸಲು ಹೋಗಬೇಡಿ.

ಚಪ್ಪಟೆಯಾಗಿದ್ದು, ಗಾಜಿನ ಮೇಲೆ ಜಾರುತ್ತಾ ಹೋದರೆ, ತಲೆ ಬಾಣದ ತುದಿಯಂತೆ ಮೂರು ಮೂಲೆಯಾಗಿದ್ದರೆ ಅದು ಪ್ಲನೇರಿಯಾ. ಭೂತಗನ್ನಡಿ ಹಿಡಿದರೆ ಎರಡು ಕಣ್ಣಿನ ಚುಕ್ಕೆ ಕಾಣುತ್ತವೆ. ಸೀಗಡಿ ಮರಿ, ಮೀನಿನ ಮೊಟ್ಟೆ ಇದ್ದವರು ಇದರ ಬಗ್ಗೆ ಎಚ್ಚರ. ದಯವಿಟ್ಟು ಬ್ಲೇಡಿನಿಂದ ಕೆರೆಯಬೇಡಿ. ತುಂಡಾದರೆ ಒಂದೊಂದು ತುಂಡೂ ಒಂದೊಂದು ಹುಳವಾಗಿ ಬೆಳೆಯುತ್ತದೆ. ಸಣ್ಣ ತೂತುಗಳಿರುವ ಡಬ್ಬಿಯಲ್ಲಿ ಕೋಳಿ ಮಾಂಸದ ಚೂರಿಟ್ಟು ರಾತ್ರಿ ತಳದಲ್ಲಿ ಬಿಡಿ. ಬೆಳಗಿನ ಜಾವ ದೀಪ ಹಾಕುವ ಮೊದಲೇ ಡಬ್ಬಿ ಎತ್ತಿ. ಒಳಗೆ ಹುಳ ಸೇರಿರುತ್ತವೆ.

ಅದಕ್ಕೂ ಬಗ್ಗದಿದ್ದರೆ ಫೆನ್‌ಬೆಂಡಜೋಲ್ ಇದೆ, ನಾಯಿಗೆ ಕೊಡುವ ಜಂತುಹುಳದ ಔಷಧ. ಪಶುವೈದ್ಯರನ್ನು ಕೇಳಿಯೇ ಹಾಕಿ. ಬಸವನಹುಳುಗಳನ್ನು ಮೊದಲು ಬೇರೆ ತೊಟ್ಟಿಗೆ ತೆಗೆಯಿರಿ, ಅವು ಸಾಯಬಹುದು. ತಾಮ್ರ ಇರುವ ಔಷಧ ಸೀಗಡಿ ಇರುವ ತೊಟ್ಟಿಗೆ ಬೇಡವೇ ಬೇಡ. ಇನ್ನು, ಮೀನಿನ ಹಿಂಭಾಗದಿಂದ ಕೆಂಪು ದಾರ ಹೊರಗೆ ಇಣುಕುತ್ತಿದ್ದರೆ ಅದು ಹೊಟ್ಟೆಯೊಳಗಿನ ಹುಳ. ಅದಕ್ಕೆ ಈ ಉಪಾಯ ಸಾಲದು, ತಡ ಮಾಡದೆ ವೈದ್ಯರಿಗೆ ತೋರಿಸಿ.

ನೀರು ಬದಲಿಸುವಾಗ ನಲ್ಲಿ ನೀರನ್ನು ನೇರವಾಗಿ ಸುರಿಯಬೇಡಿ, ಕ್ಲೋರಿನ್ ಇರುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಡಿ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ, ಸೋಪು ಬೇಡ.

ಇವತ್ತು ರಾತ್ರಿ ದೀಪ ಆರಿಸಿ ಒಂದು ಗಂಟೆಯಾದ ಮೇಲೆ ಟಾರ್ಚು ಹಿಡಿದು ನಿಮ್ಮ ತೊಟ್ಟಿಯ ತಳ ನೋಡಿ. ನಿನ್ನೆ ಹಾಕಿದ ಕಾಳು ಅಲ್ಲೇ ಬಿದ್ದಿದ್ದರೆ ನಾಳೆ ಏನೂ ಹಾಕಬೇಡಿ. ಮೀನು ಒಂದು ದಿನ ಹಸಿದಿದ್ದರೆ ಏನೂ ಆಗುವುದಿಲ್ಲ. ಮನೆಯಲ್ಲಿ ಯಾರ ಯಾರ ಕೈ ಆ ಡಬ್ಬಿಗೆ ಹೋಗುತ್ತದೆ ಅಂತಲೂ ಕೇಳಿ ನೋಡಿ.

ನಮಸ್ಕಾರ.